ಆನೆ ಭಯ, ಸಾಲದ ಚಿಂತೆ: ಎರಡೂ ದೇಹಕ್ಕೆ ಒಂದೇನಾ?

ಸಕಲೇಶಪುರದ ಕಡೆ ಕಾಫಿ ತೋಟ ಇಟ್ಟುಕೊಂಡಿರುವ ನಿಮ್ಮ ಪ್ರಶ್ನೆ ಇಷ್ಟು: ರಸ್ತೆ ತಿರುವಿನಲ್ಲಿ ಆನೆ ಎದುರಾದಾಗಿನ ಭಯಕ್ಕೂ ಎರಡು ವರ್ಷದಿಂದ ತಲೆ ಕೊರೆಯುತ್ತಿರುವ ಸಾಲಕ್ಕೂ ದೇಹದ ಮಟ್ಟಿಗೆ ವ್ಯತ್ಯಾಸ ಇದೆಯಾ? ಇದೆ. ಹೃದಯದ ಕಾಯಿಲೆ ಇಲ್ಲದವರಿಗೆ ಹೆಚ್ಚು ಕೆಡುಕು ಮಾಡುವುದು ಸಾಲವೇ.

ಆನೆ ಕಂಡ ಕೂಡಲೇ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ನಾಡಿ ಏರುತ್ತದೆ, ಬಾಯಿ ಒಣಗುತ್ತದೆ, ರಕ್ತ ಹೊಟ್ಟೆಯ ಕಡೆಯಿಂದ ಸ್ನಾಯುಗಳ ಕಡೆ ಹರಿಯುತ್ತದೆ. ಹಿಂದೆಯೇ ಕಾರ್ಟಿಸಾಲ್ ಎಂಬ ಇನ್ನೊಂದು ಒತ್ತಡದ ಹಾರ್ಮೋನು ಏರುತ್ತಾ ಹೋಗಿ ಸುಮಾರು 20–30 ನಿಮಿಷಕ್ಕೆ ಗರಿಷ್ಠ ಮಟ್ಟ ಮುಟ್ಟುತ್ತದೆ, ಅಪಾಯ ಕಳೆದ ಮೇಲೆ ತಾನಾಗಿ ಇಳಿಯುತ್ತದೆ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಗೆ ಕಾಯುವ ಮಾರ್ಚ್–ಏಪ್ರಿಲ್ ತಿಂಗಳ ಚಡಪಡಿಕೆಯೂ ಮಳೆ ಬಿದ್ದ ದಿನ ಮುಗಿಯುತ್ತದೆ. ಇಂಥದ್ದನ್ನು ದೇಹ ತಾಳಿಕೊಳ್ಳುತ್ತದೆ. ಆದರೆ ಆನೆ ಹಿಂಡು ವಾರಗಟ್ಟಲೆ ಅಲ್ಲೇ ಬೀಡುಬಿಟ್ಟು ನೀವು ರಾತ್ರಿಯೆಲ್ಲ ಎಚ್ಚರವಿದ್ದರೆ, ಆ ಭಯವೂ ಸಾಲದ ಚಿಂತೆಯ ಜಾತಿಗೇ ಸೇರಿತು ಅಂತಲೇ ಲೆಕ್ಕ.

ಕಾರ್ಟಿಸಾಲ್ ಬೆಳಿಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಹೆಚ್ಚು, ನಡುರಾತ್ರಿ ಹೊತ್ತಿಗೆ ತೀರ ಕಡಿಮೆ ಇರಬೇಕು. ಮುಗಿಯದ ಚಿಂತೆ ನಿದ್ದೆಯನ್ನೂ ಈ ಏರಿಳಿತವನ್ನೂ ಕೆಡಿಸುತ್ತದೆ. ಓಡುವುದಕ್ಕೆಂದು ಯಕೃತ್ತು ರಕ್ತಕ್ಕೆ ಬಿಟ್ಟ ಸಕ್ಕರೆ, ಕುರ್ಚಿಯಲ್ಲಿ ಕೂತು ಲೆಕ್ಕ ಹಾಕುವವರಲ್ಲಿ ಖರ್ಚಾಗುವುದಿಲ್ಲ. ಬಿಪಿ, ಶುಗರ್, ಹೊಟ್ಟೆಯ ಸುತ್ತಿನ ಬೊಜ್ಜು ನಿಧಾನವಾಗಿ ಏರಲು ಇದೂ ಒಂದು ದಾರಿ. ಗಾಯ ಮಾಯುವುದೂ ತಡವಾಗುತ್ತದೆ: ಅಮೆರಿಕದ ಓಹಾಯೋದಲ್ಲಿ ನಡೆದು 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದವರಿಗೆ ಒಂದೇ ಅಳತೆಯ ಸಣ್ಣ ಗಾಯ ಮಾಯಲು ಉಳಿದವರಿಗಿಂತ ಸುಮಾರು 9 ದಿನ ಹೆಚ್ಚು ಬೇಕಾಯಿತು.

ಹೊಟ್ಟೆ ಹುಣ್ಣಿಗೆ ಮಾತ್ರ ಟೆನ್ಷನ್ ಒಂದನ್ನೇ ದೂರಬೇಡಿ. ಹೆಚ್ಚಿನವು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದಿಂದ ಇಲ್ಲವೇ ನೋವಿನ ಮಾತ್ರೆಗಳಿಂದ ಬರುತ್ತವೆ. ಚಿಂತೆಯ ತಲೆನೋವಿಗೆ ದಿನಾ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಮೊದಲು ಅದನ್ನು ನಿಲ್ಲಿಸಿ.

ಈಗ ಮಾಡಬೇಕಾದದ್ದು. ಮನೆಯಲ್ಲೇ ಬಿಪಿ ನೋಡಿಕೊಳ್ಳಿ. ಅದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ, ಬೀಡಿ ಬೇಡ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ 5 ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಿ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಿರಿ. ಬೆಳಿಗ್ಗೆ ಸಂಜೆ ಹೀಗೆ ಒಂದು ವಾರ ಬರೆದಿಡಿ. ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಚೀಟಿ ಹಿಡಿದು ವೈದ್ಯರ ಹತ್ತಿರ ಹೋಗಿ. ತೋಳಿನ ಪಟ್ಟಿ ಚಿಕ್ಕದಾದರೆ ಇಲ್ಲದ ಬಿಪಿಯನ್ನೂ ತೋರಿಸುತ್ತದೆ, ಅದನ್ನು ಮರೆಯಬೇಡಿ.

ನಮ್ಮ ಕಡೆ ಕಾಫಿ ಬಿಡಿ ಅಂದರೆ ಯಾರೂ ಕೇಳುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು 5 ಗಂಟೆ ಕಳೆದರೂ ದೇಹದಲ್ಲೇ ಇರುತ್ತದೆ. ಹತ್ತಕ್ಕೆ ಮಲಗುವವರು ಮಧ್ಯಾಹ್ನ 2ರ ನಂತರ ಕುಡಿಯದಿರುವುದು ಒಳ್ಳೆಯದು. ನಿದ್ದೆಗೆಂದು ಹಾಕುವ ಪೆಗ್ಗು ಬೇಗ ಮಂಪರು ತರಿಸಿ, ರಾತ್ರಿಯ ಎರಡನೇ ಅರ್ಧದಲ್ಲಿ ಎಬ್ಬಿಸಿ ಕೂರಿಸುತ್ತದೆ. ಸಾಲದ ಲೆಕ್ಕಕ್ಕೆ ಸಂಜೆ 5ರಿಂದ 5.30 ಅಂತ ಹೊತ್ತು ಗೊತ್ತುಮಾಡಿ, ಪುಸ್ತಕದಲ್ಲಿ ಬರೆದು ಮುಚ್ಚಿ. ಹಾಸಿಗೆಯಲ್ಲಿ ಅದು ನೆನಪಾದರೆ ನಾಳೆ 5ಕ್ಕೆ ಅಂತ ಮುಂದೂಡಿ. ಎದೆ ಬಿಗಿದಂತಾದರೆ 4 ಸೆಕೆಂಡು ಉಸಿರು ಎಳೆದು 6 ಸೆಕೆಂಡು ಬಿಡಿ, ಹೀಗೆ 5 ನಿಮಿಷ. ಜೋರಾಗಿ ಎಳೆದರೆ ತಲೆ ತಿರುಗುತ್ತದೆ, ಮೆಲ್ಲಗೆ ಸಾಕು.

ಎದೆನೋವಿನ ಜೊತೆ ಬೆವರು, ಎಡತೋಳು ಅಥವಾ ದವಡೆಗೆ ಹರಡುವ ನೋವು ಇದ್ದರೆ ಗ್ಯಾಸ್ ಅಂತ ಸೋಡಾ ಕುಡಿದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಬದುಕೇ ಬೇಡ ಅನ್ನಿಸಿದರಂತೂ ಅದೇ ದಿನ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಿ; ಹಣ ಕೊಡಬೇಕಿಲ್ಲ. ತೋಟದ ಔಷಧಿ ಇಡುವ ಕೋಣೆಯ ಬೀಗದ ಕೈ ಆ ದಿನಗಳಲ್ಲಿ ಮನೆಯ ಬೇರೊಬ್ಬರ ಹತ್ತಿರ ಇರಲಿ.