ಪಾಸ್‌ವರ್ಡ್ ಇಟ್ಟೇ ಇಲ್ಲ, ಆದರೂ ಕೇಳುತ್ತದೆ!

ಪ್ರಶ್ನೆ: ಕಲಬುರಗಿ ಗಂಜಿನಲ್ಲಿ ನಮ್ಮದು ತೊಗರಿ ಅಡತಿ ಅಂಗಡಿ. ವಿಂಡೋಸ್ 10 ಇರುವ ಹಳೆ ಕಂಪ್ಯೂಟರಿನಲ್ಲಿ ಲೆಕ್ಕದ ಫೋಲ್ಡರ್ ಶೇರ್ ಮಾಡಿದ್ದೇನೆ. ವಿಂಡೋಸ್ 11ರ ಹೊಸ ಲ್ಯಾಪ್‌ಟಾಪಿನಿಂದ ತೆರೆದರೆ ಯೂಸರ್ ನೇಮ್, ಪಾಸ್‌ವರ್ಡ್ ಕೇಳುತ್ತದೆ. ಹಳೆ ಕಂಪ್ಯೂಟರಿಗೆ ಪಾಸ್‌ವರ್ಡ್ ಇಟ್ಟೇ ಇಲ್ಲ. ಖಾಲಿ ಬಿಟ್ಟರೂ ಒಪ್ಪುವುದಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ಕೆಲವು ಸಲ ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್ಟೇ ತೆರೆಯುವುದಿಲ್ಲ. ಏನ್ ಮಾಡಬೇಕು ಸರ್?

ಉತ್ತರ: ಪಾಸ್‌ವರ್ಡ್ ಇಲ್ಲದಿರುವುದೇ ಇಲ್ಲಿ ತೊಂದರೆ. ಅಂಥ ಖಾತೆಯಲ್ಲಿ ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ ಪ್ರವೇಶ, ನೆಟ್‌ವರ್ಕ್ ಮೂಲಕ ಬಂದವರನ್ನು ವಿಂಡೋಸ್ ಒಳಗೆ ಬಿಡುವುದಿಲ್ಲ.

ಹಳೆ ಕಂಪ್ಯೂಟರಿನಲ್ಲಿ ಒಬ್ಬ ಹೊಸ ಯೂಸರ್ ಮಾಡಿ, ಪಾಸ್‌ವರ್ಡ್ ಕೊಡಿ. ಆಮೇಲೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಶೇರಿಂಗ್‌ನಲ್ಲಿ ಆ ಯೂಸರಿಗೆ ಅನುಮತಿ ಕೊಡಿ, ಸೆಕ್ಯುರಿಟಿ ಟ್ಯಾಬಿನಲ್ಲೂ ಕೊಡಿ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ, ಜಾಸ್ತಿ ಜನ ಎಡವುವುದು ಇಲ್ಲೇ. ಲ್ಯಾಪ್‌ಟಾಪಿನಲ್ಲಿ ಕೇಳಿದಾಗ ಹಳೆ ಕಂಪ್ಯೂಟರಿನ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಆಮೇಲೆ ಯೂಸರ್ ಹೆಸರು ಹಾಕಿ. ಲ್ಯಾಪ್‌ಟಾಪ್ ತೆರೆಯುವ ಪಿನ್ ಇಲ್ಲಿ ನಡೆಯುವುದಿಲ್ಲ. ಹಿಂದೆ ತಪ್ಪಾಗಿ ಸೇವ್ ಆದದ್ದು ಏನಾದರೂ ಇದ್ದರೆ, ಲ್ಯಾಪ್‌ಟಾಪಿನಲ್ಲಿ ಪಾಸ್‌ವರ್ಡ್‌ಗಳು ಸೇವ್ ಆಗಿರುವ ಕ್ರೆಡೆನ್ಶಿಯಲ್ ಮ್ಯಾನೇಜರಿಗೆ ಹೋಗಿ ಅಳಿಸಿ.

ಪಾಸ್‌ವರ್ಡ್ ರಕ್ಷಣೆಯನ್ನೇ ಆಫ್ ಮಾಡಿಬಿಡಿ ಅಂತ ಯಾರಾದರೂ ಹೇಳುತ್ತಾರೆ. ದಯವಿಟ್ಟು ಬೇಡ. ಆ ಫೋಲ್ಡರಿನಲ್ಲಿ ರೈತರ ಪಟ್ಟಿ ಇದೆ, ಯಾರಿಗೆ ಎಷ್ಟು ಕೊಡಬೇಕು ಅನ್ನುವ ಲೆಕ್ಕ ಇದೆ. ಅಂಗಡಿಯ ವೈಫೈ ಹಿಡಿದವರೆಲ್ಲ ಅದನ್ನು ನೋಡುವಂತಾಗಬಾರದು ಅಲ್ವಾ? ಅದೂ ಅಲ್ಲದೆ 2024ರಲ್ಲಿ ಬಂದ ವಿಂಡೋಸ್ 11 ಪ್ರೊ 24ಎಚ್2 ಆವೃತ್ತಿ, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶವನ್ನು ತಾನಾಗಿಯೇ ತಡೆಯುತ್ತದೆ. ನೆಟ್‌ವರ್ಕಿನಲ್ಲಿ ಫೋಲ್ಡರ್ ಶೇರ್ ಮಾಡುವ ಹಳೆಯ ವಿಧಾನ ಎಸ್‌ಎಂಬಿ 1 ಆನ್ ಮಾಡುವುದಂತೂ ಬೇಡವೇ ಬೇಡ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ದಾಳಿ ಅಷ್ಟು ಬೇಗ ಹರಡಿದ್ದು ಅದರ ದೋಷದಿಂದ. ನಿಮ್ಮ ಎರಡು ಕಂಪ್ಯೂಟರ್‌ಗಳಿಗೆ ಅದು ಬೇಕಾಗಿಯೂ ಇಲ್ಲ.

ಇನ್ನು ಶಾರ್ಟ್‌ಕಟ್ ವಿಷಯ. ಅದನ್ನು 192.168 ಅಂತ ಶುರುವಾಗುವ ನಂಬರಿನಿಂದ ಮಾಡಿದ್ದೀರಾ ನೋಡಿ. ಕರೆಂಟ್ ಹೋಗಿ ಬಂದಾಗ ರೂಟರ್ ಹಳೆ ಕಂಪ್ಯೂಟರಿಗೆ ಬೇರೆ ನಂಬರ್ ಕೊಟ್ಟಿರಬಹುದು, ಶಾರ್ಟ್‌ಕಟ್ ಮಾತ್ರ ಹಳೆ ನಂಬರನ್ನೇ ಹುಡುಕುತ್ತಿರುತ್ತದೆ. ನಂಬರಿನ ಬದಲು ಕಂಪ್ಯೂಟರಿನ ಹೆಸರು ಹಾಕಿ, ಇಲ್ಲವೇ ರೂಟರಿನಲ್ಲಿ ಆ ಕಂಪ್ಯೂಟರಿಗೆ ಒಂದೇ ನಂಬರ್ ಕಾಯ್ದಿರಿಸಿ. ಎರಡೂ ಕಡೆ ನೆಟ್‌ವರ್ಕ್ ಪಬ್ಲಿಕ್ ಅಂತಿದ್ದರೆ ಪ್ರೈವೇಟ್ ಮಾಡಿ. ತೊಗರಿ ಆವಕ ಜೋರಾಗುವ ಮೊದಲೇ ಇದನ್ನು ಮಾಡಿಟ್ಟುಕೊಳ್ಳಿ, ಆಮೇಲೆ ಕೂರಲು ಪುರುಸೊತ್ತು ಸಿಗುವುದಿಲ್ಲ.