ಪಾಸಿಂಗ್ ಆಗಿದ್ರೆ ಸಾಕಾ, ಬ್ರೇಕ್ ಹಿಡೀಬೇಡ್ವಾ?

ಓದುಗರ ಗಾಡಿ ಪ್ರಶ್ನೆಗಳಿಗೆ ಉಡುಪಿಯ ಹಿರಿಯ ಮೆಕ್ಯಾನಿಕ್ ಒಬ್ಬರ ಉತ್ತರ

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ನೀವು ಸ್ವಂತ ಕಾರು, ಬೈಕುಗಳಿಗೂ ಸರ್ಕಾರ ಕಡ್ಡಾಯವಾಗಿ ಸೇಫ್ಟಿ ಚೆಕ್ಕಿಂಗ್ ಮಾಡಿಸ್ಬೇಕು ಅಂತ ಬರ್ದಿದ್ರಿ. ನಂಗೆ ಅದು ಸರಿ ಕಾಣ್ಲಿಲ್ಲ. ನಾನು ಟೈಮಿಗೆ ಸರಿಯಾಗಿ ಸರ್ವಿಸ್ ಮಾಡಿಸ್ತೇನೆ, ನನ್ನ ಗಾಡಿ ನನ್ನ ಜವಾಬ್ದಾರಿ. ಆಕ್ಸಿಡೆಂಟ್ ಹೆಚ್ಚಿನದ್ದೆಲ್ಲ ಓಡಿಸುವವರ ತಪ್ಪಿಂದ ಆಗೋದು, ಗಾಡಿ ತಪ್ಪಿಂದ ಅಲ್ಲ. ಅಮೆರಿಕದಲ್ಲೇ ಕೆಲವು ಕಡೆ ಈ ಚೆಕ್ಕಿಂಗ್ ನಿಲ್ಲಿಸಿದ್ದಾರೆ ಅಂತ ಅಲ್ಲಿರುವ ನನ್ನ ಮಗ ಹೇಳಿದ. ಇನ್ನೊಂದು ಆಫೀಸು, ಇನ್ನೊಂದು ಕ್ಯೂ, ಇನ್ನೊಬ್ಬ ಏಜೆಂಟ್ ನಮಗೆ ಯಾಕೆ?
- ಓದುಗರು, ಬ್ರಹ್ಮಾವರ

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ ಉಂಟು. ನ್ಯೂಜೆರ್ಸಿಯಲ್ಲಿ 2010ರಲ್ಲಿ ಸ್ವಂತ ಕಾರುಗಳ ಸೇಫ್ಟಿ ಚೆಕ್ಕಿಂಗ್ ನಿಲ್ಲಿಸಿ ಹೊಗೆ ಟೆಸ್ಟ್ ಮಾತ್ರ ಇಟ್ಕೊಂಡ್ರು, ಟೆಕ್ಸಾಸ್‌ನಲ್ಲಿ 2025ರ ಜನವರಿ 1ರಿಂದ ನಿಂತಿದೆ. ಆದ್ರೆ ಬೇರೆ ಕಡೆಯೂ ಸ್ವಲ್ಪ ನೋಡುವ. ಬ್ರಿಟನ್‌ನಲ್ಲಿ 1960ರಲ್ಲಿ ಶುರು ಮಾಡುವಾಗ 10 ವರ್ಷ ದಾಟಿದ ಗಾಡಿಗೆ ಮಾತ್ರ ಅಂತ ಇದ್ದದ್ದು, ಈಗ 3 ವರ್ಷ ಆದ ಕಾರಿಗೆ ವರ್ಷ ವರ್ಷ ಆಗ್ಬೇಕು. ಜಪಾನ್, ಜರ್ಮನಿಯಲ್ಲಿ ಹೊಸ ಕಾರಿಗೆ 3 ವರ್ಷಕ್ಕೆ ಒಮ್ಮೆ, ಆಮೇಲೆ 2 ವರ್ಷಕ್ಕೊಮ್ಮೆ. ಹಾಗಾಗಿ ಅವರು ನಿಲ್ಸಿದ್ರು ಇವರು ನಿಲ್ಸಿಲ್ಲ ಅಂತ ನೋಡಿ ನಾವು ತೀರ್ಮಾನ ಮಾಡ್ಲಿಕ್ಕೆ ಆಗುದಿಲ್ಲ, ನಮ್ಮ ರಸ್ತೆ, ನಮ್ಮ ಮಳೆ, ನಮ್ಮ ಕಡಲ ಗಾಳಿ ನೋಡಿಯೇ ಹೇಳ್ಬೇಕು.

ನಮ್ಮಲ್ಲಿ ಈಗ ಇರುವುದು ಹೇಗೆ ಹೇಳಿದ್ರೆ, ಬಾಡಿಗೆ ಗಾಡಿ, ಬಸ್ಸು, ಲಾರಿ, ರಿಕ್ಷಾಗಳಿಗೆ ಎಫ್‌ಸಿ, ಅಂದ್ರೆ ಗಾಡಿ ಓಡಿಸ್ಲಿಕ್ಕೆ ಸರಿ ಉಂಟು ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್, ಕಡ್ಡಾಯ (ಅದಕ್ಕೆ ಮಾಡಿಸುವ ಚೆಕ್ಕಿಂಗನ್ನೇ ನಾವು ಪಾಸಿಂಗ್ ಅನ್ನುದು), 1988ರ ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್. ಹೊಸತಾದ್ರೆ 2 ವರ್ಷ, 8 ವರ್ಷ ಆಗುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಫ್‌ಸಿ ಮುಗಿದ್ರೆ ಆ ಗಾಡಿಗೆ ರಿಜಿಸ್ಟ್ರೇಶನ್ನೇ ಇಲ್ಲ ಎಂಬ ಲೆಕ್ಕ. ಸ್ವಂತ ಗಾಡಿಗೆ? 15 ವರ್ಷ ಯಾರೂ ಅದರ ಅಡಿಗೆ ಬಗ್ಗಿ ನೋಡ್ಬೇಕು ಅಂತ ಕಾನೂನಿಲ್ಲ ಮಾರಾಯ್ರೆ. 15 ವರ್ಷಕ್ಕೆ ಆರ್‌ಸಿ ರಿನೀವಲ್ ಮಾಡುವಾಗ ಒಮ್ಮೆ, ಮತ್ತೆ 5 ವರ್ಷಕ್ಕೊಮ್ಮೆ. ನಡುವಲ್ಲಿ ಮಾಡಿಸುವ ಎಮಿಶನ್ ಟೆಸ್ಟ್ ಹೊಗೆ ಮಾತ್ರ ನೋಡ್ತದೆ, ಬ್ರೇಕ್ ಇದೆಯಾ ಇಲ್ವಾ ಅಂತ ಆ ಮೆಷಿನ್ ಕೇಳುದಿಲ್ಲ.

ನೀವು ಟೈಮಿಗೆ ಸರ್ವಿಸ್ ಮಾಡಿಸ್ತೇನೆ ಅಂದ್ರಿ. ಅದಕ್ಕೇ ಒಂದು ಗಾಡಿಯ ಕಥೆ ಹೇಳ್ತೇನೆ. ಕಡಲ ಕರೆಯಲ್ಲಿ ಮನೆ ಇರುವ ಒಬ್ಬರು ಮೇಷ್ಟ್ರು, ತುಂಬಾ ಜಾಗ್ರತೆಯ ಮನುಷ್ಯ, 11 ವರ್ಷದ ಸಣ್ಣ ಕಾರು, ಸರ್ವಿಸ್ ಬಿಲ್ಲುಗಳನ್ನು ಒಂದು ಫೈಲಲ್ಲಿ ಜೋಡಿಸಿ ಇಟ್ಟಿದ್ರು. ನಮ್ಮಲ್ಲಿಗೆ ತಂದದ್ದು ಏಸಿ ಹಾಕಿದ್ರೆ ವಾಸನೆ ಬರ್ತದೆ ಅಂತ. ಮಳೆಗಾಲ ಶುರುವಾಗ್ಲಿಕ್ಕೆ ಒಂದು ವಾರ ಇತ್ತು, ಹಾಗೆ ಒಮ್ಮೆ ಲಿಫ್ಟಿಗೆ ಹಾಕಿ ನೋಡುವ ಅಂತ ಎತ್ತಿದ್ದು. ಹಿಂದಿನ ಚಕ್ರಕ್ಕೆ ಹೋಗುವ ಬ್ರೇಕ್ ಪೈಪ್ ಉಂಟಲ್ಲ, ಪೆನ್ಸಿಲ್‌ಗಿಂತ ಸಪೂರದ್ದು, ಅದನ್ನು ಕಾರಿನ ಬಾಡಿಯಲ್ಲಿ ಹಿಡಿದಿಡುವ ಕ್ಲಿಪ್ ಇರುವ ಜಾಗದಲ್ಲಿ ಹೊಯಿಗೆ ಮತ್ತೆ ನೀರು ಕೂತು ಕೂತು ತುಕ್ಕು ಪದರ ಪದರ ಎದ್ದಿತ್ತು. ಉಗುರಲ್ಲಿ ಕೆರೆದ್ರೆ ಚಕ್ಕೆ ಕೈಗೆ ಬಂತು. ಹುಡುಗನಿಗೆ ಪೆಡಲ್ ಜೋರಾಗಿ ಒತ್ಲಿಕ್ಕೆ ಹೇಳಿದೆ, ಆ ಕ್ಲಿಪ್ಪಿನ ಬದಿಯಲ್ಲಿ ಒಂದು ಕಂದು ಹನಿ ನಿಧಾನಕ್ಕೆ ದಪ್ಪ ಆಗಿ ಕೆಳಗೆ ಬಿತ್ತು, ಮತ್ತೆ ಇನ್ನೊಂದು. ಬ್ರೇಕ್ ಆಯಿಲ್ ಅದು. ಬಿಲ್ಲು ನೋಡಿದ್ರೆ ಹಿಂದಿನ ಎರಡು ಸರ್ವಿಸಲ್ಲೂ ಬ್ರೇಕ್ ಆಯಿಲ್ ಟಾಪ್ ಅಪ್ ಅಂತ ಬರ್ದಿದ್ದಾರೆ, ಆದ್ರೆ ಇದ್ದ ಆಯಿಲ್ ಎಲ್ಲಿಗೆ ಹೋಯ್ತು ಅಂತ ಯಾರೂ ಹುಡುಕ್ಲಿಲ್ಲ. ಮುಂದಿನ ಭಾನುವಾರ ಅಮ್ಮನನ್ನು ಕರ್ಕೊಂಡು ಶೃಂಗೇರಿಗೆ ಹೋಗುವವರಿದ್ರು, ಹೇಳಿದ್ರೆ ಆಗುಂಬೆ ಘಾಟಿ, 14 ತಿರುವು. ಈಗಿನ ಕಾರುಗಳಲ್ಲಿ ಎರಡು ಲೈನ್ ಇರ್ತದೆ, ಒಂದು ಹೋದ್ರೆ ಇನ್ನೊಂದು ಹಿಡೀತದೆ, ಪೂರ್ತಿ ಕೈ ಕೊಡುದಿಲ್ಲ ನಿಜ, ಆದ್ರೆ ಘಾಟಿ ಇಳಿಯುವಾಗ ಅರ್ಧ ಬ್ರೇಕಲ್ಲಿ ಎಷ್ಟು ದೂರಕ್ಕೆ ಹೋಗಿ ನಿಲ್ತದೆ ಅಂತ ನೀವೇ ಯೋಚ್ನೆ ಮಾಡಿ. ಪೈಪ್ ತೋರಿಸಿದಾಗ ಆ ಮೇಷ್ಟ್ರು ಸುಮಾರು ಹೊತ್ತು ಮಾತೇ ಆಡ್ಲಿಲ್ಲ.

ಇದು ಅವರ ಉದಾಸೀನ ಅಲ್ಲ, ನಿಮ್ಮದೂ ಅಲ್ಲ. ಸರ್ವಿಸ್ ಅಂದ್ರೆ ಆಯಿಲ್, ಫಿಲ್ಟರ್, ವಾಶ್, ನಾವು ಹೇಳಿದ ಕಂಪ್ಲೇಂಟ್, ಅಷ್ಟೇ ಆಗಿ ಹೋಗಿದೆ. ಇಂತಿಂಥದ್ದು ನೋಡ್ಲೇಬೇಕು, ನೋಡಿ ಸೈನ್ ಹಾಕ್ಲೇಬೇಕು, ಹಾಕಿದವನು ನಾಳೆ ಉತ್ತರ ಕೊಡ್ಬೇಕು ಅಂತ ಕಾನೂನು ಇದ್ರೆ ಮಾತ್ರ ಆ ಕ್ಲಿಪ್ಪಿನ ಹತ್ರ ಯಾರಾದ್ರೂ ಲೈಟ್ ಹಿಡೀತಾರೆ.

ಮತ್ತೆ ನಮ್ಮ ಕರಾವಳಿ ಬೇರೆ ಊರಿನ ಹಾಗಲ್ಲ. ಬಯಲುಸೀಮೆಯಲ್ಲಿ 15 ವರ್ಷ ಓಡಿದ ಗಾಡಿಯ ಅಡಿ ಒಣಗಿ ಚೊಕ್ಕ ಇರ್ತದೆ, ಇಲ್ಲಿ ಮಲ್ಪೆ, ಪಡುಬಿದ್ರಿ, ಸುರತ್ಕಲ್ ಕಡೆಯ 7 ವರ್ಷದ ಗಾಡಿಯನ್ನು ಎತ್ತಿ ನೋಡಿದ್ರೆ ಸೈಲೆನ್ಸರ್, ಸಸ್ಪೆನ್ಶನ್ ಆರ್ಮ್, ಫ್ಲೋರ್ ಎಲ್ಲ ತುಕ್ಕು. ಬ್ರೇಕ್ ಆಯಿಲ್ ಗಾಳಿಯ ತೇವ ಎಳ್ಕೊಳ್ತದೆ, ನೀರು ಸೇರಿದ ಆಯಿಲ್ ಬಿಸಿಗೆ ಬೇಗ ಕುದಿದು ಆವಿ ಆಗ್ತದೆ, ಆವಿ ಆದ್ಮೇಲೆ ಪೆಡಲ್ ಒತ್ತಿದ್ರೆ ಸ್ಪಂಜ್ ಒತ್ತಿದ ಹಾಗೆ ಒಳಗೆ ಹೋಗ್ತದೆ, ಗಾಡಿ ನಿಲ್ಲುದಿಲ್ಲ. ಘಾಟಿ ಇಳಿದು ಸೋಮೇಶ್ವರ ಮುಟ್ಟುವಾಗ ಚಕ್ರದಿಂದ ಸುಟ್ಟ ವಾಸನೆ ಬರುವುದನ್ನು ನೀವೂ ನೋಡಿರ್ಬಹುದು, ಅದೇ ಬಿಸಿ. 2 ವರ್ಷಕ್ಕೊಮ್ಮೆ ಆ ಆಯಿಲ್ ಪೂರ್ತಿ ಬದಲಿಸ್ಬೇಕು, ಬದಲಿಸುವವರು ನನ್ನಲ್ಲಿಗೆ ಬರುವವರಲ್ಲಿ ತುಂಬಾ ಕಮ್ಮಿ.

ಓಡಿಸುವವರ ತಪ್ಪು ಅಂದ್ರಲ್ಲ, ಅದು ದೊಡ್ಡ ಮಾತೇ, ನಾನು ಅಲ್ಲಗಳೆಯುದಿಲ್ಲ. ಆದ್ರೆ ಸವೆದ ಟಯರಲ್ಲಿ 60ರಲ್ಲಿ ಹೋಗಿ ಮಳೆಗೆ ಜಾರಿದವನ ಕೇಸು "ಅತಿವೇಗ, ಅಜಾಗರೂಕತೆ" ಅಂತಲೇ ಆಗುದು. ಒಳ್ಳೆ ಟಯರ್ ಇದ್ದಿದ್ರೆ ಅದೇ 60ರಲ್ಲಿ ಅವನು ನಿಲ್ತಿದ್ದನೋ ಏನೋ. ಮನುಷ್ಯ ತಪ್ಪು ಮಾಡ್ತಾನೆ, ಯಾವಾಗ್ಲೂ ಮಾಡ್ತಾನೆ, ನಾಯಿ ಅಡ್ಡ ಬರ್ತದೆ, ಮೀನಿನ ಲಾರಿಯ ನೀರು ರಸ್ತೆಗೆ ಸುರಿದಿರ್ತದೆ, ಆ ಒಂದು ಗಳಿಗೆಯಲ್ಲಿ ಗಾಡಿ ಸಮಾ ಇದ್ರೆ ತಪ್ಪು ಮಾಡಿದವನೂ ಬದುಕ್ತಾನೆ, ಎದುರು ಇದ್ದವನೂ ಬದುಕ್ತಾನೆ. ಕಲ್ಸಂಕದಲ್ಲಿ ರಸ್ತೆ ದಾಟ್ಲಿಕ್ಕೆ ನಿಂತ ಹೆಂಗಸಿಗೆ ನಿಮ್ಮ ಗಾಡಿಯ ಬಣ್ಣ ಕಾಣ್ತದೆ, ಬ್ರೇಕ್ ಕಾಣುದಿಲ್ಲ. ನನ್ನ ಗಾಡಿ ನನ್ನ ಜವಾಬ್ದಾರಿ ಅನ್ನುವ ಮಾತು ಮನೆ ಅಂಗಳದಲ್ಲಿ ಸರಿ, ರಸ್ತೆಗೆ ಇಳಿದ ಮೇಲೆ ಅವಳಿಗೂ ಅದರಲ್ಲಿ ಪಾಲು ಉಂಟು.

ಆದ್ರೆ ನಿಮ್ಮ ಕೊನೆಯ ಮಾತು, ಏಜೆಂಟಿನದ್ದು, ಅದಕ್ಕೆ ನನ್ನಲ್ಲಿ ಎದುರು ಮಾತಿಲ್ಲ. ಪಾಸಿಂಗ್ ದಿವಸಕ್ಕೆ ಅಂತ ಒಳ್ಳೆ ಟಯರ್ ಬಾಡಿಗೆಗೆ ತಂದು ಹಾಕಿ, ತೋರಿಸಿ, ಸಾಯಂಕಾಲ ಬಿಚ್ಚಿ ಹಳೆ ಬೋಳು ಟಯರ್ ಪುನಃ ಹಾಕಿದ್ದನ್ನು ನನ್ನ ಕಣ್ಣಲ್ಲೇ ನೋಡಿದ್ದೇನೆ, ಆ ಟೆಂಪೋಗೆ ಮರುದಿನ ಜಲ್ಲಿ ಲೋಡ್ ಆಯ್ತು. ಒಬ್ಬರ ಹತ್ರ ಜಗಳ ಸಹ ಮಾಡಿದ್ದೇನೆ, ನಮ್ಮಲ್ಲಿ ಆ ಕೆಲ್ಸ ಮಾಡುದಿಲ್ಲ ಅಂತ, ಅವರು ಬೇರೆ ಕಡೆ ಹೋಗಿ ಮಾಡಿಸಿದ್ರು. ಇಂಥ ಪಾಸಿಂಗ್ ಏನೂ ಇಲ್ಲದ್ದಕ್ಕಿಂತ ಕಡೆ, ಯಾಕೆ ಹೇಳಿದ್ರೆ ಕಾಗದ ಕೈಯಲ್ಲಿ ಇದ್ದವನು ಗಾಡಿ ಸರಿ ಉಂಟು ಅಂತ ನಂಬಿ ಬಿಡ್ತಾನೆ. ಅದಕ್ಕಾಗಿಯೇ ಮನುಷ್ಯನ ಕಣ್ಣಳತೆ ಬಿಟ್ಟು ಮೆಷಿನಲ್ಲಿ ಬ್ರೇಕ್ ಫೋರ್ಸ್, ಹೆಡ್‌ಲೈಟ್, ಸಸ್ಪೆನ್ಶನ್ ಅಳೆಯುವ ಆಟೋಮೇಟೆಡ್ ಟೆಸ್ಟಿಂಗ್ ಸ್ಟೇಷನ್‌ಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದದ್ದು. ರೋಲರ್ ಮೇಲೆ ನಿಂತ ಚಕ್ರ ಎಷ್ಟು ಹಿಡೀತದೆ ಅಂತ ನಂಬರ್ ಬರ್ತದೆ, ಎಡಕ್ಕೂ ಬಲಕ್ಕೂ ವ್ಯತ್ಯಾಸ ಎಷ್ಟು ಅಂತ ಬರ್ತದೆ. ಆ ಮೆಷಿನ್ ಪ್ರತಿ ತಾಲೂಕಿಗೆ ಬರ್ಬೇಕು. ಸ್ವಂತ ಗಾಡಿಗೆ 5 ವರ್ಷ ಆದ್ಮೇಲೆ 2 ವರ್ಷಕ್ಕೊಮ್ಮೆ, 10 ಆದ್ಮೇಲೆ ಪ್ರತಿ ವರ್ಷ, ನಮ್ಮ ಜಿಲ್ಲೆಗಳಲ್ಲಾದ್ರೆ ಮೇ ತಿಂಗಳೊಳಗೆ, ಮಳೆ ಹಿಡಿಯುವ ಮೊದಲು. ನಾನು ಕೇಳುದು ಇಷ್ಟೇ.

ಪ್ರಶ್ನೆ: ಸ್ವಾಮಿ, ನಾನು 16 ವರ್ಷದಿಂದ ರಿಕ್ಷಾ ಓಡಿಸ್ತಿದ್ದೇನೆ. ಪಾಸಿಂಗ್ ಅಂದ್ರೆ ನಮಗೆ ಎರಡು ದಿನದ ದುಡಿಮೆ ಹೋಯ್ತು, ಪೈಂಟ್ ಮಾಡಿಸ್ಬೇಕು, ಸೀಟ್ ಹೊಲಿಸ್ಬೇಕು, ಮೇಲಿಂದ ಫೀಸು. ದೊಡ್ಡ ದೊಡ್ಡ ಕಾರಿನವರಿಗೆ ಏನೂ ಇಲ್ಲ. ಬಡವರನ್ನು ಯಾಕೆ ಹಿಡಿಯುದು? ನಮ್ಮನ್ನು ಇದರಿಂದ ಬಿಡ್ಬೇಕು ಅಂತ ನೀವು ಬರೀಬೇಕು.
- ರಿಕ್ಷಾ ಚಾಲಕ, ಕಾವೂರು

ಉತ್ತರ: ಅಣ್ಣ, ಬಿಡ್ಬೇಕು ಅಂತ ಬರೀಲಿಕ್ಕೆ ನನ್ನಿಂದ ಆಗುದಿಲ್ಲ, ನಿಮ್ಮ ಹಿಂದೆ ಕೂರುವವರು ಹೊಟ್ಟೆಯಲ್ಲಿ ಮಗು ಇರುವ ಹೆಂಗಸರು, ಆಸ್ಪತ್ರೆಗೆ ಹೋಗುವ ಮುದುಕರು. ಆದ್ರೆ ನಿಮ್ಮ ಸಂಕಟ ಪೂರಾ ನ್ಯಾಯವಾದದ್ದು. ಸೀಟು ಹರಿದದ್ದೂ ಬ್ರೇಕ್ ಹೋದದ್ದೂ ಒಂದೇ ತಕ್ಕಡಿಯಲ್ಲಿ ತೂಗುದು ತಪ್ಪು. ಬ್ರಿಟನ್‌ನಲ್ಲಿ 2018ರಿಂದ ದೋಷಗಳನ್ನು ಮೂರು ಬಗೆ ಮಾಡಿದ್ದಾರೆ, ಸಣ್ಣದಾದ್ರೆ ಬರ್ದು ಕೊಟ್ಟು ಪಾಸ್ ಮಾಡ್ತಾರೆ, ದೊಡ್ಡದಾದ್ರೆ ರಿಪೇರಿ ಮಾಡಿಸಿ ತನ್ನಿ ಅಂತಾರೆ, ಅಪಾಯದ್ದಾದ್ರೆ ರಸ್ತೆಗೇ ಇಳಿಸ್ಬಾರ್ದು. ನಮ್ಮಲ್ಲಿಯೂ ಹಾಗೆ ಆಗ್ಲಿ, ಪೈಂಟಿಗೆ ಸಮಯ ಕೊಡ್ಲಿ, ಸ್ಟೇರಿಂಗ್ ಸಡಿಲ ಆಗಿ ಆಡ್ತಿದ್ರೆ ಬಿಡುದು ಬೇಡ. ಟೈಮ್ ಕೊಟ್ಟು ಕರೀಬೇಕು, ಅರ್ಧ ಗಂಟೆಯಲ್ಲಿ ಮುಗೀಬೇಕು.

ಫೀಸಿನ ವಿಷಯಕ್ಕೂ ನಾನು ನಿಮ್ಮ ಕಡೆಯೇ. ದೊಡ್ಡ ಕಾರಿನವರಿಗೆ 15 ವರ್ಷ ಏನೂ ಇಲ್ಲ ನಿಜ, ಆದ್ರೆ ಆಮೇಲೆ ಬರುವುದು ಒಟ್ಟಿಗೆ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ರಿನೀವಲ್ 600 ಇದ್ದದ್ದು 5000 ರೂಪಾಯಿ ಆಯ್ತು, ಬೈಕಿಗೆ 300 ಇದ್ದದ್ದು 1000. ಹಳೆ ಗಾಡಿ ಜನ ಬಿಡ್ಲಿ ಅಂತ ಏರಿಸಿದ್ದು. ಹಳೆ ಗಾಡಿ ಇಟ್ಕೊಂಡವರು ಹೊಸದು ತಗೊಳ್ಳಿಕ್ಕೆ ಆಗದೆ ಇಟ್ಕೊಂಡವರು, ಅವರಿಗೆ ಚೆಕ್ಕಿಂಗ್ ದುಬಾರಿ ಮಾಡಿದ್ರೆ ಚೆಕ್ಕಿಂಗಿಗೆ ಬರುದೇ ಇಲ್ಲ, ಒಳದಾರಿ ಹಿಡ್ಕೊಂಡು ಓಡಿಸ್ತಾರೆ. ಚೆಕ್ಕಿಂಗ್ ಅಗ್ಗ ಇರ್ಬೇಕು, ತಪ್ಪಿಸಿದ್ರೆ ದಂಡ ಜೋರಿರ್ಬೇಕು.

ಪ್ರಶ್ನೆ: ನನ್ನ ಮಗಳು ಎರಡನೇ ಕ್ಲಾಸು, ಸ್ಕೂಲ್ ವ್ಯಾನಲ್ಲಿ ಹೋಗ್ತಾಳೆ. ಆ ವ್ಯಾನ್ ಸರಿ ಇದೆಯಾ ಅಂತ ನಮ್ಮಂಥವರಿಗೆ ಹೇಗೆ ಗೊತ್ತಾಗ್ಬೇಕು? ಡ್ರೈವರ್ ಒಳ್ಳೆಯವರು, ಕೇಳ್ಲಿಕ್ಕೆ ಸಂಕೋಚ ಆಗ್ತದೆ.
- ತಾಯಿ, ಕಟಪಾಡಿ

ಉತ್ತರ: ಸಂಕೋಚ ಬಿಡಿ ಅಕ್ಕ, ನೀವು ಕೇಳದೆ ಯಾರು ಕೇಳುದು. ಮೊದ್ಲು ನಂಬರ್ ಪ್ಲೇಟ್ ನೋಡಿ. ಬಿಳಿ ಬೋರ್ಡ್ ಇದ್ರೆ ಅದು ಸ್ವಂತಕ್ಕೆ ಅಂತ ರಿಜಿಸ್ಟರ್ ಆದ ಗಾಡಿ, ಮಕ್ಕಳನ್ನು ಬಾಡಿಗೆಗೆ ಸಾಗಿಸ್ಲಿಕ್ಕೆ ಅಲ್ಲ, ಮೇಲೆ ಹೇಳಿದ ಹಾಗೆ ಅದಕ್ಕೆ 15 ವರ್ಷದವರೆಗೆ ಎಫ್‌ಸಿಯೇ ಇಲ್ಲ, ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸಿನವರು ಅದನ್ನೇ ಹಿಡ್ಕೊಳ್ತಾರೆ. ಹಳದಿ ಬೋರ್ಡ್ ಆದ್ರೆ ಫೋನಲ್ಲಿ ಎಂಪರಿವಾಹನ್ ಆಪ್ ಹಾಕಿ ಆ ನಂಬರ್ ಹೊಡೀರಿ, ಫಿಟ್‌ನೆಸ್ ಯಾವ ತಾರೀಕಿನವರೆಗೆ, ಇನ್ಶೂರೆನ್ಸ್ ಯಾವ ತಾರೀಕಿನವರೆಗೆ ಎಲ್ಲ ಕಾಣ್ತದೆ, ಯಾರನ್ನೂ ಕೇಳ್ಬೇಕಂತಿಲ್ಲ.

ಮತ್ತೆ ಟಯರ್. ಟಯರಿನ ಗೆರೆಗಳ ಒಳಗೆ ಅಲ್ಲಲ್ಲಿ ಸಣ್ಣ ದಿಣ್ಣೆ ಹಾಗೆ ಇರ್ತದೆ, ಬದಿಯಲ್ಲಿ ಅದರ ಗುರುತಿಗೆ ತ್ರಿಕೋನವೋ ಇಂಗ್ಲಿಷಿನ TWI ಅನ್ನುವ ಮೂರಕ್ಷರವೋ ಇರ್ತದೆ. ಟಯರ್ ಸವೆದು ಆ ದಿಣ್ಣೆಗೆ ಸಮ ಆಯ್ತು ಅಂದ್ರೆ 1.6 ಮಿಲಿಮೀಟರ್‌ಗೆ ಬಂತು ಅಂತ ಅರ್ಥ, ಅಲ್ಲಿಂದ ಕೆಳಗೆ ಓಡಿಸುದು ಕಾನೂನಿಗೂ ತಪ್ಪು, ನಮ್ಮ ಮಳೆಗೆ ಅದಕ್ಕಿಂತ ಮೊದ್ಲೇ ಬದಲಿಸ್ಬೇಕು. ಬದಿಯಲ್ಲೇ ನಾಲ್ಕು ಅಂಕೆ ಒಂದು ಗೂಡಲ್ಲಿ ಇರ್ತದೆ, 2319 ಅಂತ ಇದ್ರೆ 2019ರ 23ನೇ ವಾರದಲ್ಲಿ ಮಾಡಿದ ಟಯರ್. ಗೆರೆ ಚೆನ್ನಾಗಿದ್ರೂ ಬದಿಯಲ್ಲಿ ರಬ್ಬರ್ ಒಡೆದು ಸಣ್ಣ ಸಣ್ಣ ಬಿರುಕು ಬಿಟ್ಟಿದ್ರೆ ಹೇಳಿ.

ಬ್ರೇಕ್ ನಿಮಗೆ ಕಾಣುದಿಲ್ಲ, ಆದ್ರೆ ಕೇಳ್ತದೆ. ಬೆಳಗ್ಗೆ ಗೇಟಿನ ಹತ್ರ ವ್ಯಾನ್ ನಿಲ್ಲುವಾಗ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಸದ್ದು ಬರ್ತದಾ, ಡ್ರೈವರ್ ಕಾಲು ಎರಡು ಮೂರು ಸಲ ಪಂಪ್ ಮಾಡ್ತಾರಾ, ನಿಲ್ಲುವಾಗ ಒಂದು ಬದಿಗೆ ಎಳೀತದಾ ನೋಡಿ. ಇದ್ರಲ್ಲಿ ಒಂದು ಇದ್ದರೂ ಅವತ್ತಿನ ದಿವಸ ಮಗಳನ್ನು ನೀವೇ ಬಿಟ್ಟು ಬನ್ನಿ, ಡ್ರೈವರಿಗೆ ಸಾಯಂಕಾಲ ಮೆತ್ತಗೆ ಹೇಳಿ, ಸ್ಕೂಲಿಗೆ ಬರಹದಲ್ಲಿ ಕೊಡಿ. ಆ ವ್ಯಾನಲ್ಲಿ ಹೋಗುವ ಬೇರೆ ಮಕ್ಕಳ ತಾಯಂದಿರನ್ನೂ ಸೇರಿಸ್ಕೊಳ್ಳಿ, ನಾಲ್ಕು ಜನ ಸೈನ್ ಹಾಕಿದ ಕಾಗದಕ್ಕೆ ಬೇಗ ಉತ್ತರ ಬರ್ತದೆ. ಡ್ರೈವರ್ ಒಳ್ಳೆಯವರಾದ್ರೆ ಬೇಜಾರು ಮಾಡ್ಕೊಳ್ಳುದಿಲ್ಲ, ಎಷ್ಟೋ ಸಲ ಅವರೇ ಓನರಿಗೆ ಹೇಳಿ ಹೇಳಿ ಸಾಕಾಗಿರ್ತದೆ, ನಿಮ್ಮ ಕಾಗದ ಅವರಿಗೂ ಬೇಕಾಗಿರ್ತದೆ.