ಗುಳೆ ಹೋದ ತಮ್ಮ ಗುಳಿಗೆ ಬಿಟ್ಟಿದ್ದಾನೆ

ಪ್ರಶ್ನೆ: ನನ್ನ ತಮ್ಮನಿಗೆ ಎಚ್‌ಐವಿ ಇದೆ. ಮೂರು ವರ್ಷ ತಪ್ಪದೆ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ) ಗುಳಿಗೆ ನುಂಗಿದವನು, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದ ಮೇಲೆ ನಾಲ್ಕು ತಿಂಗಳಿಂದ ಬಿಟ್ಟಿದ್ದಾನೆ. ಮೈ ಚೆನ್ನಾಗಿದೆ ಎನ್ನುತ್ತಾನೆ. ಹಿಂದೊಮ್ಮೆ ಗುಳಿಗೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ತಡವಾಗಿ ಹೋದಾಗ ಎಲ್ಲರೆದುರು ಬೈಸಿಕೊಂಡದ್ದರಿಂದ ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲವೆಂದು ಹಟ ಹಿಡಿದಿದ್ದಾನೆ. ಏನು ಮಾಡಲಿ?
– ಹೆಸರು ಬೇಡ, ಶಹಾಪುರ ತಾಲ್ಲೂಕು

ಉತ್ತರ: ನಿಮ್ಮ ತಮ್ಮನನ್ನು ಮತ್ತೊಮ್ಮೆ ಬೈದು ಕಳುಹಿಸಬೇಡಿ, ಹಿಂದಿನ ಬೈಗಳೇ ಅವನನ್ನು ಇಷ್ಟು ದೂರ ತಂದಿದೆ. ನಮ್ಮ ಭಾಗದಲ್ಲಿ ಗುಳಿಗೆ ಬಿಡುವವರೆಲ್ಲ ಸೋಮಾರಿಗಳಲ್ಲ. ಒಂದು ದಿನದ ಕೂಲಿ, ಬಸ್ ಚಾರ್ಜು, ಸಾಲಿನಲ್ಲಿ ಊರವರು ಕಂಡಾರೆಂಬ ಅಂಜಿಕೆ, ಇವೆಲ್ಲ ಕೂಡಿಯೇ ಮೊದಲು ಒಂದು ತಿಂಗಳು ತಪ್ಪಿಸುತ್ತವೆ. ಆಮೇಲೆ ತಪ್ಪಿದ್ದಕ್ಕೆ ನಾಚಿ ಎರಡನೆಯ ತಿಂಗಳೂ ತಪ್ಪುತ್ತದೆ.

ಮೈ ಚೆನ್ನಾಗಿರುವುದು ಈವರೆಗೆ ನುಂಗಿದ ಗುಳಿಗೆಗಳ ಫಲ. ಔಷಧ ನಿಂತ ಕೆಲವೇ ವಾರಗಳಲ್ಲಿ ರಕ್ತದಲ್ಲಿ ವೈರಸ್ ಸಾಮಾನ್ಯವಾಗಿ ಮತ್ತೆ ಹೆಚ್ಚುತ್ತದೆ, ಆದರೆ ರೋಗಿಗೆ ಅದು ತಿಂಗಳುಗಟ್ಟಲೆ ಗೊತ್ತಾಗದೇ ಇರಬಹುದು. ವೈರಲ್ ಲೋಡ್ (ಒಂದು ಮಿಲಿಲೀಟರ್ ರಕ್ತದಲ್ಲಿರುವ ವೈರಸ್ ಪ್ರತಿಗಳ ಲೆಕ್ಕ) 200ಕ್ಕಿಂತ ಕಡಿಮೆ ಉಳಿದಿರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲವೆಂಬ ಭರವಸೆಯೂ ಈಗ ಅವನಿಗಿಲ್ಲ; ಮದುವೆಯಾಗಿದ್ದರೆ ಕಾಂಡೋಮ್ ಕಡ್ಡಾಯ. ಕ್ಷಯದ ಅಪಾಯವನ್ನಂತೂ ಮರೆಯುವಂತಿಲ್ಲ. ಹಳೆಯ ಡಬ್ಬಿಯಲ್ಲಿ ಉಳಿದದ್ದನ್ನು ತಾನಾಗಿ ಶುರು ಮಾಡುವ ಬದಲು ಈ ವಾರವೇ ಕೇಂದ್ರಕ್ಕೆ ಹೋಗಲಿ. ಕೆಮ್ಮು, ಜ್ವರ, ತೂಕ ವಿಚಾರಿಸಿ, ರಕ್ತ ಪರೀಕ್ಷಿಸಿ ವೈದ್ಯರೇ ಮತ್ತೆ ಆರಂಭಿಸುತ್ತಾರೆ.

ಅದೇ ಕೇಂದ್ರಕ್ಕೇ ಅಂಟಿಕೊಳ್ಳಬೇಕಾಗಿಲ್ಲ. 2004ರಿಂದ ದೇಶದಾದ್ಯಂತ ಉಚಿತವಾಗಿ ನಡೆಯುತ್ತಿರುವ ಕಾರ್ಯಕ್ರಮ ಇದು. ಪುಣೆಯ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ಊರಿಗೆ ಬಂದಾಗ ಇಲ್ಲಿಯೇ ತೆಗೆದುಕೊಳ್ಳುವ ಮನಸ್ಸಿದ್ದರೆ, ಸ್ಥಿತಿ ಸುಧಾರಿಸಿದ ಮೇಲೆ ಒಮ್ಮೆಗೇ ಎರಡು-ಮೂರು ತಿಂಗಳ ಗುಳಿಗೆ ಕೇಳಲಿ. ಗುಳೆ ಹೋಗುವ ದಿನವನ್ನು ಆಪ್ತ ಸಮಾಲೋಚಕರಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಎಲ್ಲರೆದುರು ಕಾಯಿಲೆಯ ಮಾತೆತ್ತಿ ಗದರಿದ್ದು ನಿಜವಾದರೆ ಅದು ಬರಿಯ ಒರಟುತನವಲ್ಲ. ರೋಗಿಯ ಗೋಪ್ಯತೆಯನ್ನು 2017ರ ಎಚ್‌ಐವಿ ಕಾಯ್ದೆ ರಕ್ಷಿಸುತ್ತದೆ, ದೂರು ಕೊಡಲು ಅವಕಾಶವಿದೆ.

ಇನ್ನೊಂದು ಸಣ್ಣ ಮಾತು. ಶೆಡ್ಡಿನಲ್ಲಿ ಹತ್ತು ಜನರ ನಡುವೆ ಮಲಗುವವನಿಗೆ ಡಬ್ಬಿಯ ಗಲಗಲ ಸಪ್ಪಳವೇ ದೊಡ್ಡ ಶತ್ರು. ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿಟ್ಟರೆ ತೇವ ಹಿಡಿಯುತ್ತವೆ. ಅದರ ಬದಲು ಡಬ್ಬಿಯ ಲೇಬಲ್ ಕಿತ್ತು, ಮೇಲೊಂದಿಷ್ಟು ಒಣಹತ್ತಿ ತುರುಕಿದರೆ ಸಾಕು. ಮೊದಲ ದಿನ ನೀವೂ ಜೊತೆಗೆ ಹೋಗಿ. ಹೋಗುವ ಮುನ್ನ ಅವನಿಗೇನಾದರೂ ಕೇಳಬೇಕೆನಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಲಿ, ಅದಕ್ಕೆ ದುಡ್ಡಿಲ್ಲ.